ದ್ವಾದಶಿಯ ಬೆರಳು

ಕಳೆದ ತಿಂಗಳು ನನ್ನ ತವರೂರು ಆದವಾನಿಗೆ ಹೋದಾಗ ಅಕ್ಕನ ಮೊಮ್ಮಗಳಿಗೆ ಸೀರೆ ತೆಗೆಯೋಣವೆಂದು ಒಂದು ಅಂಗಡಿ ಹೊಕ್ಕೆ. ಗಲ್ಲೆಯ ಮೇಲೆ ಕುಳಿತಿದ್ದ ಸಾಹುಕಾರರು ಅಂಗಿಯ ತೋಳು ಮೇಲಕ್ಕೆ ಸರಿಸಿದರು. ರಟ್ಟೆಗೆ ರೂಪಾಯಿ ಅಗಲದ ಬಿಳಿಯ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅದರ ಮೇಲೆ ಫೋನು ಹಿಡಿದರು, ಫೋನು ಕುಂಯ್ ಎಂದಿತು. ‘ನೂರಾ ನಲವತ್ತೆರಡು’ ಎಂದು ತಮಗೆ ತಾವೇ ಹೇಳಿಕೊಂಡರು.

“ಶುಗರ್ ನೋಡೋದೇನ್ರಿ ಅದು? ಬೆರಳು ಚುಚ್ಚೋದು ಬ್ಯಾಡೇನು?” ಎಂದೆ.

“ಅದೆಲ್ಲ ಹಳೇ ಕಾಲದ್ದಮ್ಮಾ. ಇದು ಹದಿನೈದು ದಿನ ಹಿಂಗಽ ಅಂಟಿಕೊಂಡಿರ್ತೈತಿ. ಕೈ ತೊಳಿಯೋ ಗೋಜು ಸುದ್ದಾ ಇಲ್ಲ.”

ಅವರು ಹೆಮ್ಮೆಯಿಂದ ಹೇಳಿದರು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಎಪ್ಪತ್ತರ ಹತ್ತಿರ ಬಂದವಳಿಗೆ ಯಾರದೋ ರಟ್ಟೆಯ ಮೇಲಿನ ಬಿಲ್ಲೆಯನ್ನು ಕಂಡು ಹೊಟ್ಟೆಕಿಚ್ಚೇಕೆ ಎಂದರೆ, ಕೈ ತೊಳೆಯುವ ಗೋಜಿನಲ್ಲೇ ನಾನು ಒಮ್ಮೆ ನನ್ನ ಅಪ್ಪನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಸೀರೆ ತೆಗೆಯದೆ ಹೊರಗೆ ಬಂದೆ. ಹತ್ತಿ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಆ ವರ್ಷವೂ ಹೀಗೆಯೇ ಹತ್ತಿ ಬರುವ ಹೊತ್ತಾಗಿತ್ತು, ಲಾರಿಗಳ ಬದಲು ಎತ್ತಿನ ಬಂಡಿಗಳಿದ್ದವು ಅಷ್ಟೆ.

ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತೇಳು. ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಎರಡರಲ್ಲೂ ನನ್ನ ಬಾಯಿ ಜೋರೇ. ಅಪ್ಪ ನಮ್ಮ ಓಣಿಯ ಚಿಕ್ಕ ಮಠದ ಅರ್ಚಕರು. ಮಠದ ಹಿತ್ತಿಲು, ನಮ್ಮ ಹಿತ್ತಿಲು ಒಂದೇ. ನಡುವೆ ಒಂದು ಬಾಗಿಲು, ಒಂದು ಬಾವಿ. ಊರವರಿಗೆ ಅವರು ಗುರುರಾಜಾಚಾರ್ರು. ಸುಳ್ಳು ಹೇಳಲು ಬಾರದ ಮನುಷ್ಯ ಎಂದು ಓಣಿಯಲ್ಲಿ ಹೆಸರು. ಎಷ್ಟೆಂದರೆ, ಯಾರಾದರೂ ಹೆಣ್ಣು ನೋಡಲು ಬಂದಾಗ ‘ಹುಡುಗಿಗೆ ಸಿಟ್ಟು ಜಾಸ್ತಿ’ ಎಂದು ತಾವಾಗಿಯೇ ಹೇಳಿಬಿಡುತ್ತಿದ್ದರು. ನನ್ನ ಮದುವೆ ತಡವಾದದ್ದಕ್ಕೆ ಅದೂ ಒಂದು ಕಾರಣ ಎಂದು ಅಮ್ಮ ಕೊನೆಯವರೆಗೂ ಗೊಣಗಿದಳು.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಆರೇಳು ವರ್ಷವಾಗಿತ್ತು. ದಿನಕ್ಕೆ ಎರಡು ಸಲ ಇನ್ಸುಲಿನ್. ಆಗ ಅದನ್ನು ದನ, ಹಂದಿಗಳಿಂದ ತೆಗೆಯುತ್ತಿದ್ದರು, ಡಾಕ್ಟರು ಅದನ್ನು ಹೇಳಲಿಲ್ಲ. ಅಪ್ಪನಿಗೆ ಅನುಮಾನವಿದ್ದಿರಬೇಕು, ಅವರೂ ಕೇಳಲಿಲ್ಲ. ಸಕ್ಕರೆ ಎಷ್ಟಿದೆ ಎಂದು ತಿಳಿಯಲು ಇದ್ದದ್ದು ಮೂತ್ರದ ಪರೀಕ್ಷೆ ಮಾತ್ರ. ಗಾಜಿನ ನಾಳದಲ್ಲಿ ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಸುವುದು. ಹಸಿರಾದರೆ ಪರವಾಗಿಲ್ಲ, ಇಟ್ಟಿಗೆ ಬಣ್ಣವಾದರೆ ಕೆಟ್ಟಿತು. ದಿನಾ ಬೆಳಿಗ್ಗೆ ಹಿತ್ತಿಲಲ್ಲಿ ನಾನೇ ಕಾಸುತ್ತಿದ್ದೆ. ಶಾಲೆಗೆ ಹೋಗಿ ಮಕ್ಕಳಿಗೆ, ‘ಮೊದಲು ನಾಳ ತೊಳೀರಿ, ಕೊಳೆ ನಾಳದಾಗ ಬರೋ ಉತ್ತರ ಸುಳ್ಳು ಉತ್ತರ’ ಎಂದು ಗದರಿಸುತ್ತಿದ್ದೆ. ಈ ಮಾತು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅಪ್ಪನನ್ನು ನೋಡುತ್ತಿದ್ದವರು ಡಾಕ್ಟರ್ ಖಾದರ್ ಸಾಹೇಬರು. ಪ್ರತಿ ವರ್ಷ ಆಷಾಢ ಬಂತೆಂದರೆ ಇಬ್ಬರಿಗೂ ಜಗಳ. ಚಾತುರ್ಮಾಸದ ನಾಲ್ಕು ತಿಂಗಳು ನಮ್ಮಲ್ಲಿ ಊಟದ ಕ್ರಮವೇ ಬದಲಾಗುತ್ತದೆ. ಒಂದು ತಿಂಗಳು ಕಾಯಿಪಲ್ಯ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಯ ತಿಂಗಳು ಬೇಳೆ ಇಲ್ಲ. ಇವುಗಳ ನಡುವೆ ಹದಿನೈದು ದಿನಕ್ಕೊಮ್ಮೆ ಏಕಾದಶಿ. ಅಪ್ಪ ಅವತ್ತು ನೀರನ್ನೂ ಮುಟ್ಟುವವರಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಪೂಜೆ ಮುಗಿಸಿ, ತಿಥಿ ಮೀರುವ ಮುಂಚೆ ಊಟ ಮಾಡಬೇಕು. ಅದೇ ಪಾರಣೆ.

“ರಂಜಾನ್‌ನ್ಯಾಗ ನಮ್ಮವರದೂ ಇದಽ ಹಣೇಬರ, ಆಚಾರ್ರೆ. ಉಪಾಸ ಬ್ಯಾಡ ಅಂದ್ರ ಯಾರೂ ಕೇಳಂಗಿಲ್ಲ,” ಎಂದು ಸಾಹೇಬರು ಆ ವರ್ಷ ಹೊರಜಗಲಿಯ ಮೇಲೆ ಕುಳಿತು ಒಂದು ಪೆಟ್ಟಿಗೆ ತೆಗೆದರು. ಕುವೈತಿನಲ್ಲಿದ್ದ ಅವರ ತಮ್ಮ ಕಳಿಸಿದ್ದು. ಒಳಗೆ ಇಟ್ಟಿಗೆಯಷ್ಟು ಗಾತ್ರದ, ಬ್ಯಾಟರಿಯ ಒಂದು ಯಂತ್ರ, ಪಟ್ಟಿಗಳ ಡಬ್ಬಿಗಳು. “ಒಂದು ಹನಿ ರಕ್ತ ಹಾಕಿದ್ರ ಶುಗರ್ ಎಷ್ಟೈತಿ ಅಂತ ನಂಬರು ಬರ್ತೈತಿ. ನಾಕು ತಿಂಗಳು ನಿಮ್ಮ ಮನ್ಯಾಗ ಇರಲಿ. ನೀವು ಉಪಾಸ ಮಾಡ್ರಿ, ಆದ್ರ ಕರಾರು ಒಂದು. ನಂಬರು ಎಪ್ಪತ್ತಕ್ಕಿಂತ ಇಳೀತಂದ್ರ, ಏಕಾದಶಿ ಇರಲಿ ಏನರ ಇರಲಿ, ಸಕ್ಕರಿ ನೀರು ಕುಡೀಬೇಕು.”

ಅಪ್ಪ ಪಟ್ಟಿಗಳ ಡಬ್ಬಿಯೊಂದನ್ನು ತಿರುಗಿಸಿ ನೋಡಿದರು. “ಆಗ್ಲಿ. ಅದು ಹೇಳಿದ್ಹಾಂಗ ಕೇಳ್ತೀನಿ,” ಎಂದರು. ಅಪ್ಪ ಆಗಲಿ ಎಂದರೆ ಮುಗಿಯಿತು.

ಸಾಹೇಬರು ನನಗೆ ಎಲ್ಲ ತೋರಿಸಿಕೊಟ್ಟರು. ಪಟ್ಟಿಯ ಮೇಲೆ ಹನಿ ಬಿದ್ದ ಮೇಲೆ ಒಂದು ನಿಮಿಷ ಕಾಯುವುದು, ಹತ್ತಿಯಿಂದ ಒರೆಸುವುದು, ಮತ್ತೊಂದು ನಿಮಿಷ ಕಾದು ಯಂತ್ರದ ಬಾಯಿಗೆ ಕೊಡುವುದು. ಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು ಎಂದಾಗ ಅಪ್ಪ ಕೈ ಹಿಂದೆಳೆದುಕೊಂಡರು. ಹೆಂಡದ ಜಾತಿಯ ವಸ್ತು ಮೈಗೆ ತಾಗಬಾರದು. “ಪರವಾಲೇದು, ಸಾಬೂನು ಹಚ್ಚಿ ತೊಳಿಸ್ರಿ ಟೀಚರಮ್ಮಾ. ಮರೀಬ್ಯಾಡ್ರಿ,” ಎಂದರು ಸಾಹೇಬರು. ಒಂದೇ ಸಲ ಹೇಳಿದರು. ವಿಜ್ಞಾನದ ಟೀಚರಿಗೆ ಎರಡನೆಯ ಸಲ ಹೇಳಬೇಕೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಒಂದು ಚೀಟಿಯನ್ನೂ ಬರೆದುಕೊಟ್ಟರು: ಊಟಕ್ಕೆ ಮುಂಚೆ ಮುನ್ನೂರು ದಾಟಿದ್ದರೆ ಎಂಟು ಯೂನಿಟ್ ಹೆಚ್ಚು, ಆಮೇಲೆ ಅರ್ಧ ಗಂಟೆ ಬಿಟ್ಟು ಊಟ.

ರಕ್ತ ಬಂದರೆ ಮಡಿ ಕೆಡುತ್ತದೆ. ಹಾಗಾಗಿ ಅಪ್ಪ ಎದ್ದ ಕೂಡಲೆ, ಸ್ನಾನಕ್ಕೆ ಮುಂಚೆಯೇ ಪರೀಕ್ಷೆ ಎಂದು ಗೊತ್ತು ಮಾಡಿಕೊಂಡೆವು. ಸಾಬೂನಿನಲ್ಲಿ ಕೈ ತೊಳೆದು ತಾವೇ ಚುಚ್ಚಿಕೊಳ್ಳುತ್ತಿದ್ದರು, ನಾನು ಪಟ್ಟಿ ಹಿಡಿಯುತ್ತಿದ್ದೆ. ಅಂಕಿ ಮೂಡುವವರೆಗೆ ಇಬ್ಬರೂ ಯಂತ್ರವನ್ನೇ ನೋಡುತ್ತ ಕೂರುತ್ತಿದ್ದೆವು. ಮೊದಮೊದಲು ಅದನ್ನು ‘ನಿನ್ನ ಡಬ್ಬಿ’ ಎನ್ನುತ್ತಿದ್ದವರು ಶ್ರಾವಣ ಕಳೆಯುವ ಹೊತ್ತಿಗೆ ‘ನಮ್ಮ ಡಬ್ಬಿ’ ಎನ್ನತೊಡಗಿದರು. ಕಾಯಿಪಲ್ಯವಿಲ್ಲದ ತಿಂಗಳು ಅಂಕಿ ಏರಿತು, ಸಾಹೇಬರು ಔಷಧ ಹೆಚ್ಚಿಸಿದರು. ಮೊಸರು ಬಿಟ್ಟ ತಿಂಗಳು ಇಳಿಯಿತು. ಭಾದ್ರಪದದಲ್ಲಿ ಜಡಿಮಳೆ ಹಿಡಿದು ಓಣಿಯ ಕರಿಮಣ್ಣು ಚಪ್ಪಲಿಗಳನ್ನು ನುಂಗುವಾಗ ಸಾಹೇಬರು ಸ್ಕೂಟರನ್ನು ದೂರ ನಿಲ್ಲಿಸಿ, ಪ್ಯಾಂಟು ಮಡಚಿಕೊಂಡು ಬಂದು ಅಂಕಿಗಳನ್ನು ಬರೆದಿಟ್ಟ ನನ್ನ ನೋಟುಪುಸ್ತಕ ನೋಡಿ ಹೋಗುತ್ತಿದ್ದರು. ಏಳು ಏಕಾದಶಿಗಳು ಸುಖವಾಗಿ ದಾಟಿದವು. ಒಮ್ಮೆಯೂ ಸಕ್ಕರೆ ನೀರು ಕುಡಿಯುವ ಪ್ರಸಂಗ ಬರಲಿಲ್ಲ. ನನ್ನ ಜಂಬ ಹೇಳತೀರದು. ನಾಡಿ ಹಿಡಿಯುವವರು, ಕಷಾಯ ಹೇಳುವವರು ಯಾರೇ ಬಂದರೂ ‘ಇದು ಮಶೀನು, ಸುಳ್ಳು ಹೇಳೋದಿಲ್ಲ’ ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಎಂಟನೆಯದು ದೀಪಾವಳಿಗೆ ಮುಂಚಿನ ಏಕಾದಶಿ. ಅವತ್ತು ಸಂಜೆ ಅಂಕಿ ನೂರಾ ನಾಲ್ಕು. ಮರುದಿನ ಸಾಧನ ದ್ವಾದಶಿ, ಎಂದರೆ ತಿಥಿ ಬಹಳ ಬೇಗ ಮುಗಿಯುವ ದಿನ. ಅಂಥ ದಿನ ಪೂಜೆ, ಪಾರಣೆ ಎಲ್ಲವನ್ನೂ ಹೊತ್ತು ಹುಟ್ಟುವುದರೊಳಗೆ ತೀರಿಸಬೇಕು. ನಾನು ಎದ್ದು ಪರೀಕ್ಷೆ ಮಾಡಬೇಕಿತ್ತು. ಏಳಲಿಲ್ಲ. ಹಿಂದಿನ ದಿನ ಮೂರು ತರಗತಿಗಳ ಉತ್ತರಪತ್ರಿಕೆ ತಿದ್ದಿದ ಆಯಾಸ ಎಂದು ಆಗ ಹೇಳಿಕೊಂಡೆ. ನಿಜವಾದ ಮಾತೆಂದರೆ ಏಳು ಸಲ ಸರಿಹೋದದ್ದರಿಂದ ಭಯ ಹೋಗಿತ್ತು. ಎಚ್ಚರವಾದಾಗ ಮಠದಲ್ಲಿ ಗಂಟೆ ಮೊಳಗುತ್ತಿತ್ತು.

ಅಪ್ಪ ತೀರ್ಥ ಕೊಡುವುದನ್ನು ಮುಗಿಸಿ ಹಿತ್ತಿಲ ಬಾಗಿಲಿಗೆ ಬಂದರು. ಅಮ್ಮ ಒಳಗೆ ಎಲೆ ಹಾಕಿದ್ದಳು. ನಾನು ಯಂತ್ರ ಹಿಡಿದು ಅಡ್ಡ ನಿಂತೆ.

“ಊಟಕ್ಕ ಮುಂಚೆ ನೋಡಬೇಕಪ್ಪಾ. ಕರಾರು ಅದ.”

“ತೀರ್ಥ ತೊಗೊಂಡಾಯ್ತು, ಪಾರಣಿ ಆದ್ಹಾಂಗ, ತಿಥಿ ಮೀರಿದ ದೋಷ ಇಲ್ಲ. ನೋಡು. ರಕ್ತ ಬಂದ್ರ ಇನ್ನೊಂದು ಸ್ನಾನ ಮಾಡಿ ಉಂಡರಾಯ್ತು,” ಎಂದು ಸೂಜಿ ತೆಗೆದುಕೊಂಡರು.

ನಾನು ಸಾಬೂನಿನ ಕಡೆ ನೋಡಿದೆ. ನೋಡಿದ್ದು ನೆನಪಿದೆ. ಅಪ್ಪ, “ತೀರ್ಥ ತೊಗೊಂಡ ಕೈ ತೊಳಿಬಾರದು. ಮಡಿ ಕೈ ಇದು, ಇದಕ್ಕಿಂತ ಶುದ್ಧ ಯಾವುದಿರತದ?” ಎಂದರು. ನನಗೂ ಹೌದೆನ್ನಿಸಿತು. ಎರಡು ಗಂಟೆ ದೇವರನ್ನು ಮುಟ್ಟಿದ ಕೈ. ಅದರಲ್ಲಿ ಏನು ಕೊಳೆ ಇರಲು ಸಾಧ್ಯ?

ಎರಡು ನಿಮಿಷದ ಮೇಲೆ ಯಂತ್ರ ಮುನ್ನೂರ ಎಂಬತ್ತಾರು ಎಂದಿತು.

ಸಂಜೆ ನೂರಾ ನಾಲ್ಕು ಇದ್ದದ್ದು ನಿರಾಹಾರ ಇದ್ದವರಿಗೆ ಬೆಳಿಗ್ಗೆ ಮುನ್ನೂರ ಎಂಬತ್ತಾರು ಆಗುವುದು ಹೇಗೆ? ಎಷ್ಟು ಯೋಚಿಸಿದರೂ ಒಂದೇ ಉತ್ತರ. ಆ ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬಹುದಿತ್ತು. ನನ್ನ ಬಾಯಿ ಬಿಡಲಿಲ್ಲ.

“ಅಪ್ಪಾ, ಖರೇ ಹೇಳ್ರಿ. ರಾತ್ರಿ ಏನರ ತಿಂದ್ರೇನು?”

ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಏನು ಮಾತು ಅಂತ ಆಡ್ತಿ ಸುಧಾ? ಯಾರಿಗೆ ಕೇಳ್ಲಿಕ್ಹತ್ತಿ, ಅರುವು ಅದನೋ ಇಲ್ಲೋ?”

“ನಾ ಕೇಳ್ತಿಲ್ಲಮ್ಮ. ಮಶೀನು ಹೇಳ್ಲಿಕ್ಹತ್ತದ,” ಎಂದೆ.

ಅಪ್ಪ ಯಂತ್ರವನ್ನು ನೋಡಿದರು, ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ. ದೇವರಾಣೆಗೂ ಹಾಗೆಂದುಕೊಂಡೆ. ಐವತ್ತೆಂಟು ವರ್ಷ ಏಕಾದಶಿ ತಪ್ಪಿಸದವರು ಹಸಿವು ತಾಳದೆ ಏನೋ ಬಾಯಿಗೆ ಹಾಕಿಕೊಂಡಿದ್ದಾರೆ, ಪಾಪ, ಎಂದು ಕನಿಕರವನ್ನೂ ಪಟ್ಟೆ. ಚೀಟಿಯಲ್ಲಿ ಬರೆದಂತೆ ದಿನದ ಪ್ರಮಾಣಕ್ಕೆ ಎಂಟು ಯೂನಿಟ್ ಸೇರಿಸಿ ಸಿರಿಂಜಿಗೆ ಎಳೆದು ಕಟ್ಟೆಯ ಮೇಲಿಟ್ಟೆ. ಅಪ್ಪ ಅದನ್ನು ತೆಗೆದುಕೊಂಡು ತಾವೇ ತೊಡೆಗೆ ಚುಚ್ಚಿಕೊಂಡರು. ಹಣೆಯ ಮೇಲೆ ನೀರು ಇತ್ತು. ಒದ್ದೆ ಮಡಿಯ ನೀರೆಂದುಕೊಂಡೆ.

ಅರ್ಧ ಗಂಟೆ ಕಾಯಬೇಕಲ್ಲ, ಅಷ್ಟರಲ್ಲಿ ಸ್ನಾನ ಮುಗಿಸುತ್ತೇನೆಂದು ಬಾವಿಯ ಕಡೆ ಹೋದರು. ಗಾಲಿಯ ಸಪ್ಪಳ ಕೇಳುತ್ತಿತ್ತು. ಒಂದು ಕೊಡ, ಎರಡು ಕೊಡ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅಮ್ಮ ಕೂಗಿದಳು. ನಾನು ಹೋಗಿ ನೋಡಿದರೆ ಅಪ್ಪ ಬಾವಿಕಟ್ಟೆಗೆ ಒರಗಿ ಕುಸಿದಿದ್ದರು. ಹಲ್ಲು ಕಚ್ಚಿತ್ತು, ಮೈಯೆಲ್ಲ ಬೆವರು, ಕಣ್ಣು ತೆರೆದಿದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. ಎದುರು ಮನೆಯವರು ಸೈಕಲ್ ಹತ್ತಿ ಸಾಹೇಬರನ್ನು ಕರೆತರಲು ಓಡಿದರು.

ಅಮ್ಮ ಒಂದು ಲೋಟ ನೀರಿಗೆ ಹಿಡಿ ಸಕ್ಕರೆ ಹಾಕಿಕೊಂಡು ಬಂದಳು. “ನಿನ್ನೆಯಿಂದ ಹೊಟ್ಟೀಗೆ ಏನೂ ಇಲ್ಲ, ಅದಕ್ಕಽ ಹಿಂಗಾಗ್ಯದ. ತುಟಿಗೆ ಹಚ್ಚತೀನಿ.”

ನಾನು ಅವಳ ಕೈ ಹಿಡಿದೆ. “ಬ್ಯಾಡ! ಮುನ್ನೂರ ಎಂಬತ್ತಾರು ಅದ. ಸಕ್ಕರಿ ಕೊಟ್ರ ಸತ್ತಽ ಹೋಗ್ತಾರ.”

ಅಮ್ಮ ಕೊಸರಿಕೊಂಡಳು. ನಾನು ಬಿಡಲಿಲ್ಲ. ಲೋಟ ಕಲ್ಲಿನ ಮೇಲೆ ಬಿದ್ದು ಸಕ್ಕರೆ ನೀರು ಬಾವಿಯ ಮೋರಿಯಲ್ಲಿ ಹರಿದುಹೋಯಿತು. ಸಾಹೇಬರು ಬರಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅಷ್ಟು ಹೊತ್ತೂ ನಾನು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವರನ್ನು ಬದುಕಿಸುತ್ತಿದ್ದೇನೆಂಬ ನಂಬಿಕೆಯಲ್ಲಿ, ಸಾವಿಗೆ ಕಾವಲು ಕುಳಿತಿದ್ದೆ.

ಹಿತ್ತಿಲಿಗೆ ಬರಬೇಕಾದರೆ ಅಡಿಗೆಮನೆ ಹಾದೇ ಬರಬೇಕು. ಸಾಹೇಬರು ಹೊಸ್ತಿಲಲ್ಲಿ ತಡೆದು ನಿಂತರು. ಅಮ್ಮನೇ, “ಬರ್ರಿ ಡಾಕ್ಟ್ರೇ, ಹಿಂಗಽ ಬರ್ರಿ,” ಎಂದು ಒಲೆಯ ಮುಂದಿನಿಂದ ಕರೆದುಕೊಂಡು ಬಂದಳು. ಅವರು ಬೆವರನ್ನು ಮುಟ್ಟಿ ನೋಡಿದವರೇ ಅಪ್ಪನ ಎಡಗೈ ಎಳೆದುಕೊಂಡು ಬೆರಳನ್ನು ಸ್ಪಿರಿಟ್ಟಿನಲ್ಲಿ ತಿಕ್ಕಿ ಚುಚ್ಚಿದರು. ಎರಡು ನಿಮಿಷ ಕಾಯಲೂ ಇಲ್ಲ. ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ದಪ್ಪ ಸಿರಿಂಜಿನಲ್ಲಿ ಗ್ಲೂಕೋಸನ್ನು ನರಕ್ಕೆ ಬಿಡತೊಡಗಿದರು. ನಾನು ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟೆ. ಮೂವತ್ತನಾಲ್ಕು.

ಸಿರಿಂಜು ಖಾಲಿಯಾಗುವ ಮುಂಚೆ ಅಪ್ಪ ಕಣ್ಣು ಹೊರಳಿಸಿದರು. ಅಮ್ಮನನ್ನು ಗುರುತಿಸಿದರು. ಒದ್ದೆ ಪಂಚೆ ಸರಿಮಾಡಿಕೊಳ್ಳಲು ನೋಡಿದರು. ಅಮ್ಮ ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತಳು.

ಸಾಹೇಬರು ನನ್ನನ್ನು ಬಯ್ಯಲಿಲ್ಲ. ನಡೆದದ್ದನ್ನೆಲ್ಲ ಕೇಳಿದರು. ಅಪ್ಪನ ಬಲಗೈ ಬೆರಳ ಉಗುರಿನ ಸಂದಿಗೆ ಒಂದು ಹನಿ ನೀರು ಬಿಟ್ಟು, ಆ ನೀರನ್ನು ಹೊಸ ಪಟ್ಟಿಗೆ ತಾಗಿಸಿದರು. ರಕ್ತವೇ ಇಲ್ಲ, ಬರೀ ನೀರು. ಸಕ್ಕರೆ ತಾಗಿದರೆ ನೀಲಿಯಾಗುವ ಪಟ್ಟಿ ಕಡುನೀಲಿಯಾಯಿತು.

“ಆಚಾರ್ರೆ, ಈ ಕೈಯಾಗ ಏನು ಮಾಡಿದ್ರಿ?”

“ಪಂಚಾಮೃತ ಕಲಸಿದೆ,” ಎಂದರು ಅಪ್ಪ, ನಿಧಾನವಾಗಿ. “ಜೇನು, ಸಕ್ಕರಿ... ಕೈಲೇ ಕಲಸ್ತೀವಲ್ಲ.”

“ನೋಡ್ರಿ ಟೀಚರಮ್ಮಾ. ರಕ್ತ ಯಾವುದು, ಜೇನು ಯಾವುದು, ಮಶೀನಿಗೆ ಗೊತ್ತಾಗಂಗಿಲ್ಲ. ಅದು ಕೈಯಾಗಿನ ಜೇನು ಎಣಿಸೈತಿ.”

ನಾನು ಅಪ್ಪನ ಕಾಲು ಹಿಡಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ. “ಹೋಗ್ಲಿ ಬಿಡವಾ,” ಎಂದರು. ಅಮ್ಮ ಮಾತ್ರ ಆ ಸಂಜೆ ನನ್ನ ಹತ್ತಿರ ಬಂದು, “ಸೂಜಿ ತಪ್ಪು ನಾ ಮರೀತೀನಿ. ಆ ಮಾತು ಮರಿಯೋದಿಲ್ಲ,” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಆಮೇಲಿನ ಹದಿನೈದು ದಿನ ಪರೀಕ್ಷೆ ನಡೆಯಿತು. ಅಪ್ಪ ಎದ್ದ ಕೂಡಲೆ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯುತ್ತಿದ್ದರು. ಬಂದು ಕುಳಿತು, ಚುಚ್ಚಿಕೊಳ್ಳುವ ಮುಂಚೆ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ ತೋರಿಸುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ. ಸಿಟ್ಟಿನಿಂದ ಮಾಡುತ್ತಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಅವರು ಅದನ್ನು ಬಹಳ ಸಹಜವಾಗಿ, ನಿಯಮವೆಂಬಂತೆ ಮಾಡುತ್ತಿದ್ದರು. ‘ಬ್ಯಾಡಪ್ಪಾ, ತೋರಿಸಬ್ಯಾಡ್ರಿ’ ಎನ್ನಲು ನನಗೆ ಬಾಯಿ ಬರಲಿಲ್ಲ. ತಿದ್ದಬೇಕಾದದ್ದನ್ನು ಬಿಟ್ಟು ಉಳಿದೆಲ್ಲದಕ್ಕೂ ನನ್ನ ಬಾಯಿ ಇತ್ತು.

ಕಾರ್ತಿಕದ ದ್ವಾದಶಿ ಬಂತು. ನಾಲ್ಕು ತಿಂಗಳ ವ್ರತ ಮುಗಿಯಿತು. ಅಪ್ಪ ಆ ಏಕಾದಶಿಯನ್ನೂ ನಿರಾಹಾರವೇ ಮಾಡಿದ್ದರು. ಸಾಹೇಬರು ಪಕ್ಕದ ಓಣಿಯಲ್ಲೇ ಯಾರದೋ ಮನೆಯಲ್ಲಿ ಬೆಳಗಾಗುವವರೆಗೆ ಕಾದಿದ್ದರೆಂದು ಆಮೇಲೆ ತಿಳಿಯಿತು. ಅಂಕಿ ತೊಂಬತ್ತೊಂದು. ಇನ್ನು ಯಂತ್ರವನ್ನು ಅವರಿಗೆ ತಿರುಗಿ ಕೊಡಬೇಕು. ನಾನು ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಅದನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದೆ. ಒಳಗಿಂದ ಒಂದು ತಿಂಗಳ ಮೇಲೆ ತೊಗರಿಬೇಳೆ ಬೇಯುವ ವಾಸನೆ ಬರುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತಿದ್ದರು.

ಕೊನೆಗೂ ಕೇಳಿದೆ. “ಅವತ್ತು ನಾ ಅಷ್ಟು ದೊಡ್ಡ ಮಾತು ಕೇಳಿದಾಗ ಇಲ್ಲ ಅಂತ ಯಾಕ ಅನ್ಲಿಲ್ಲಪ್ಪಾ?”

“ಅಂದಿದ್ರ ನಂಬ್ತಿದ್ದೇನು?”

ನಾನು ಯಂತ್ರದ ಮುಚ್ಚಳವನ್ನು ಮತ್ತೆ ಒರೆಸತೊಡಗಿದೆ. ಹೌದು ಎಂದರೆ ಅದು ಇನ್ನೊಂದು ತಪ್ಪಾಗುತ್ತಿತ್ತು.

ಅಪ್ಪ ಕೆಳಗೆ ಕುಳಿತರು. “ಪೂಜಿ ಮಾಡೋವಾಗಽ ಕೈ ನಡಗಲಿಕ್ಹತ್ತಿತ್ತು, ಸುಧಿ. ಕಣ್ಣಿಗೆ ಮಬ್ಬು. ಸಕ್ಕರಿ ಇಳದದ ಅಂತ ನನಗ ಗೊತ್ತಾಗಿತ್ತು. ಆರು ವರ್ಷದಿಂದ ನೋಡೀನಲ್ಲ, ಏರಿದ್ರ ಹ್ಯಾಂಗಾಗತದ, ಇಳದ್ರ ಹ್ಯಾಂಗಾಗತದ, ಮೈಗೆ ಗೊತ್ತಿರತದ.”

“ಗೊತ್ತಿದ್ದೂ ಚುಚ್ಚಿಕೊಂಡ್ರಾ?”

“ಚುಚ್ಚಿಕೊಳ್ಳೋದು ಬ್ಯಾಡ ಅಂದಿದ್ರ, ತಿಂದದ್ದನ್ನ ಮುಚ್ಚಿಡ್ಲಿಕ್ಹತ್ತಾರ ಅಂತ ನಿನಗ ಖಾತ್ರಿ ಆಗತಿತ್ತು. ಅದರಕಿಂತ ಸೂಜಿನಽ ಹಗುರ ಅನಿಸ್ತು.”

ಇಷ್ಟು ಹೇಳಿ ಎದ್ದು ಒಳಗೆ ಹೋದರು. ನನ್ನ ಕೈಯಲ್ಲಿ ಯಂತ್ರದ ಮುಚ್ಚಳ ಹಾಗೇ ಇತ್ತು. ಅಮ್ಮ ಒಳಗಿಂದ ಊಟಕ್ಕೆ ಕರೆದಳು, ಎರಡು ಸಲ ಕರೆದಳು. ನನಗೆ ಹಸಿವಿಲ್ಲ, ನೀವು ಕೂಡ್ರಿ ಎಂದೆ. ಹಿಂದಿನ ದಿನದಿಂದ ನಾನೂ ಹನಿ ನೀರು ಕುಡಿದಿರಲಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪ ಎಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು, ಅಷ್ಟೆ.

“ಸುಳ್ಳು ಹೇಳಬ್ಯಾಡ. ಬಾ, ಉಣ್ಣು,” ಎಂದರು.